ಹಾಜರಿ ಕೂಗಿದಾಗ: ಅಂತರಜಾಲದ ಹೆಸರುಗಳ ಸಭೆಯಲ್ಲಿ ಜನಸಾಮಾನ್ಯರು ಮತ್ತು ಕನ್ನಡ

ನಮ್ಮ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಈ ಸಂಚಿಕೆ ಹೊರಬರುತ್ತಿದೆ. ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ನೆನಪಾದದ್ದು ನಮ್ಮ ತಾಲೂಕಿನ ದೊಡ್ಡ ಹೆಸರುಗಳೇ. ಕನಕದಾಸರ ಬಾಡ, ಶರೀಫಜ್ಜನ ಶಿಶುನಾಳ, ಬಂಕಾಪುರದ ಕೋಟೆ, ಇವೆಲ್ಲ ನಮ್ಮ ಶಿಗ್ಗಾಂವಿ ತಾಲೂಕಿನವೇ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ಈ ಸಂಚಿಕೆಯಲ್ಲಿ ಇದ್ದಾರೆ. ನಾನು ಆರಿಸಿಕೊಂಡದ್ದು ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸಿನ ಇನ್ನೊಂದು ಇತಿಹಾಸ. ಅಂತರಜಾಲದಲ್ಲಿ ಹೆಸರುಗಳನ್ನು ಕೊಡುವವರು ಯಾರು, ಆ ತೀರ್ಮಾನದಲ್ಲಿ ನಮ್ಮಂಥ ಸಾಮಾನ್ಯರಿಗೆ ಪಾಲು ಇದೆಯೇ, ನಮ್ಮ ಕನ್ನಡ ಅಲ್ಲಿಗೆ ಹೇಗೆ ಹೋಯಿತು ಎಂಬುದೇ ಆ ಇತಿಹಾಸ.

ಇದು ದೂರದ ವಿಷಯ ಎನ್ನಿಸಬಹುದು. ಒಂದು ಸಣ್ಣ ಉದಾಹರಣೆಯಿಂದ ಹತ್ತಿರಕ್ಕೆ ತರುತ್ತೇನೆ. ನಮ್ಮೂರಿನ ಹೆಸರು ಗೊಟಗೋಡಿ. ಮೊದಲಕ್ಷರ ಹ್ರಸ್ವ, ಮೂರನೆಯದು ದೀರ್ಘ, ನಡುವೆ ಟ, ಕೊನೆಗೆ ಡಿ. ಕನ್ನಡದಲ್ಲಿ ಬರೆದರೆ ಒಂದನೆಯ ತರಗತಿಯ ಮಗುವೂ ತಪ್ಪಿಲ್ಲದೆ ಓದುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹ್ರಸ್ವ ಯಾವುದು, ದೀರ್ಘ ಯಾವುದು, ಟ ಇದೆಯೋ ತ ಇದೆಯೋ, ಡಿ ಇದೆಯೋ ದಿ ಇದೆಯೋ ಗೊತ್ತಾಗುವುದಿಲ್ಲ. ಹೊರಗಿನವರು ‘ಗೋತಗೊದಿ’ ಎಂದು ಓದಿದರೂ ಅವರನ್ನು ತಪ್ಪು ಎನ್ನುವಂತಿಲ್ಲ. ಪಕ್ಕದ ಶಿಗ್ಗಾಂವಿಯ ಹೆಸರನ್ನಂತೂ ಫಲಕಕ್ಕೊಂದು ಬಗೆಯಲ್ಲಿ ಬರೆಯುವುದನ್ನು ಎಲ್ಲರೂ ನೋಡಿದ್ದೇವೆ. ಅಂತರಜಾಲದಲ್ಲಿ ಬಹಳ ಕಾಲ ಯಾವ ಊರಿನ, ಯಾವ ಶಾಲೆಯ ವಿಳಾಸವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆಯಲು ಸಾಧ್ಯವಿತ್ತು. ಹಾಗೆ ಇರಬೇಕೆಂದು ಯಾರೂ ನಮ್ಮನ್ನು ಕೇಳಿರಲಿಲ್ಲ. ಕೇಳುವ ಹೊತ್ತಿಗೆ ಹಾಜರಿ ಹೇಳಲು ಅಲ್ಲಿ ನಮ್ಮವರು ಎಷ್ಟು ಜನ ಇದ್ದರು ಎಂಬುದೇ ಈ ಲೇಖನದ ಪ್ರಶ್ನೆ.

ಹೆಸರು ಮತ್ತು ಬೇರು

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ಅಷ್ಟುದ್ದದ ಅಂಕಿ ನೆನಪಿರುವುದಿಲ್ಲ. ಆದ್ದರಿಂದ ಪ್ರತಿ ಅಂಕಿಗೆ ಒಂದು ಹೆಸರು ಕೊಡುವ ಪದ್ಧತಿ ಬಂತು. ಆ ಹೆಸರಿಗೆ ಡೊಮೇನ್ ಎನ್ನುತ್ತಾರೆ. ಮೊದಲ ದಿನಗಳಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಇಡೀ ಜಾಲದ ಹೆಸರುಗಳ ಒಂದೇ ಪಟ್ಟಿಯನ್ನು ಇಟ್ಟುಕೊಂಡಿತ್ತು. ಹೊಸ ಕಂಪ್ಯೂಟರು ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ನಮ್ಮ ಮುಖ್ಯ ಗುರುಗಳ ಮೇಜಿನ ಮೇಲಿನ ದಾಖಲಾತಿ ಪುಸ್ತಕದ ಹಾಗೆ.

ಕಂಪ್ಯೂಟರುಗಳು ಹೆಚ್ಚಾದಂತೆ ಒಂದು ಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಈಗಿನ ಡೊಮೇನ್ ಪದ್ಧತಿಯನ್ನು ರೂಪಿಸಿದರು. ಇದು ಅಂಚೆಯ ವಿಳಾಸದಂತೆಯೇ ಇದೆ. ಪತ್ರದ ಮೇಲೆ ಮೊದಲು ಹೆಸರು, ಆಮೇಲೆ ಊರು, ತಾಲೂಕು, ಜಿಲ್ಲೆ, ಕೊನೆಗೆ ರಾಜ್ಯ ಬರೆಯುತ್ತೇವೆ. ಅಂಚೆಯವರು ಅದನ್ನು ಕೊನೆಯಿಂದ ಓದುತ್ತಾರೆ. ಡೊಮೇನ್ ಹೆಸರನ್ನೂ ಕಂಪ್ಯೂಟರು ಬಲಗಡೆಯಿಂದ ಓದುತ್ತದೆ. ಬಲತುದಿಯಲ್ಲಿ ಇರುವ ‘ಡಾಟ್ ಕಾಮ್’, ‘ಡಾಟ್ ಇನ್’ ಮುಂತಾದವು ರಾಜ್ಯಗಳಿದ್ದಂತೆ. ಈ ಬಲತುದಿಯ ಹೆಸರುಗಳ ಪಟ್ಟಿಗೆ ‘ಬೇರು’ ಎನ್ನುತ್ತಾರೆ. ಬೇರಿನಲ್ಲಿ ಸೇರಿದ ಹೆಸರು ಜಗತ್ತಿಗೆಲ್ಲ ಕಾಣುತ್ತದೆ, ಸೇರದ್ದು ಯಾರಿಗೂ ಕಾಣುವುದಿಲ್ಲ. ಹೀಗಾಗಿ ಬೇರುಪಟ್ಟಿಯ ಲೇಖನಿ ಯಾರ ಕೈಯಲ್ಲಿದೆ ಎಂಬುದು ಮುಖ್ಯವಾಗುತ್ತದೆ.

ಬಹಳ ವರ್ಷ ಆ ಲೇಖನಿ ಹೆಚ್ಚುಕಡಿಮೆ ಒಬ್ಬರ ಕೈಯಲ್ಲೇ ಇತ್ತು. ಅವರು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್. ಯಾವ ದೇಶದ ತುದಿಯನ್ನು ಯಾರು ನೋಡಿಕೊಳ್ಳಬೇಕೆಂದು ನೋಡಿ, ನಂಬಿಗಸ್ತರಿಗೆ ವಹಿಸುತ್ತಿದ್ದವರು ಅವರೇ. ಭಾರತದ ‘ಡಾಟ್ ಇನ್’ 1989ರಲ್ಲಿ ಬೇರಿಗೆ ಸೇರಿತು. ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಆಗ ನಮ್ಮಲ್ಲಿ ಅಂತರಜಾಲ ವಿಜ್ಞಾನಿಗಳ ಮತ್ತು ದೊಡ್ಡ ವಿದ್ಯಾಸಂಸ್ಥೆಗಳ ಸ್ವತ್ತು. ಸಾರ್ವಜನಿಕರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದೂ ಮೊದಲಿಗೆ ದೊಡ್ಡ ಶಹರಗಳಲ್ಲಿ ಮಾತ್ರ. ನಮ್ಮ ಕಡೆ ಆಗ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುವ ಕಾಲ.

ಸಭೆ ಕೂಡಿತು, ಕುರ್ಚಿಗಳ ಲೆಕ್ಕ ಬಂತು

ವ್ಯಾಪಾರ ಬೆಳೆದ ಮೇಲೆ ಒಬ್ಬರ ನಂಬಿಕೆಯ ಮೇಲೆ ಎಲ್ಲವೂ ನಡೆಯುವುದು ಕಷ್ಟವಾಯಿತು. 1998ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ನೋಂದಣಿಯಾಯಿತು. ಅದರ ಹೆಸರು ಐಕ್ಯಾನ್. ಬೇರುಪಟ್ಟಿಯ ಆಡಳಿತ ಅಮೆರಿಕ ಸರಕಾರದ ಒಪ್ಪಂದದ ಮೇಲೆ ಈ ಸಂಸ್ಥೆಗೆ ಬಂತು. ಅದೇ ಅಕ್ಟೋಬರ್ 16ರಂದು ಜಾನ್ ಪೋಸ್ಟೆಲ್ ತೀರಿಕೊಂಡರು. ಪರಿಚಯದ ಮೇಲೆ ನಡೆಯುತ್ತಿದ್ದ ಕಾಲ ಮುಗಿದು ನಿಯಮಾವಳಿಯ ಕಾಲ ಬಂದಿತು.

ಐಕ್ಯಾನಿನ ಆಡಳಿತ ಮಂಡಳಿಯಲ್ಲಿ ಯಾರು ಕೂಡಬೇಕು? ಹೆಸರುಗಳನ್ನು ಮಾರುವ ಕಂಪನಿಗಳು, ತಾಂತ್ರಿಕ ತಜ್ಞರು, ಇವರಿಗೆ ಜಾಗವಿತ್ತು. ಆದರೆ ಅಂತರಜಾಲ ಬಳಸುವ ಸಾಮಾನ್ಯ ಮನುಷ್ಯನ ಪರವಾಗಿ ಯಾರು? ಮೊದಲ ನಿಯಮಾವಳಿಯಲ್ಲಿ 19 ಸ್ಥಾನಗಳ ಪೈಕಿ 9 ಸ್ಥಾನಗಳನ್ನು ಬಳಕೆದಾರರ ಪ್ರತಿನಿಧಿಗಳಿಗೆಂದು ಇಡಲಾಗಿತ್ತು. ಕೈರೋದಲ್ಲಿ 2000ದ ಮಾರ್ಚಿನಲ್ಲಿ ನಡೆದ ಸಭೆಯ ನಂತರ, ಸದ್ಯಕ್ಕೆ 5 ಸ್ಥಾನಗಳಿಗೆ ನೇರ ಚುನಾವಣೆ ನಡೆಸುವುದೆಂದು ತೀರ್ಮಾನವಾಯಿತು. ಜಗತ್ತನ್ನು ಐದು ಪ್ರದೇಶಗಳನ್ನಾಗಿ ಮಾಡಿ ಪ್ರದೇಶಕ್ಕೆ ಒಬ್ಬರಂತೆ ಆರಿಸಬೇಕು.

ಮತದಾರರಾಗಲು ಬೇಕಾಗಿದ್ದದ್ದು ಬಹಳ ಕಡಿಮೆ. 16 ವರ್ಷ ತುಂಬಿರಬೇಕು, ಒಂದು ಇಮೇಲ್ ವಿಳಾಸ ಇರಬೇಕು, ಒಂದು ಅಂಚೆ ವಿಳಾಸ ಇರಬೇಕು. ಹಣ ಕೊಡಬೇಕಿರಲಿಲ್ಲ. ಹೆಸರು ನೋಂದಾಯಿಸಿದವರ ಮನೆಗೆ ಅಂಚೆಯ ಮೂಲಕ ಗುಪ್ತ ಸಂಖ್ಯೆ ಬರುತ್ತಿತ್ತು. ಆ ಸಂಖ್ಯೆಯನ್ನು ಹಾಕಿ ಸದಸ್ಯತ್ವವನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಅಂತರಜಾಲದ ಚುನಾವಣೆಯೂ ಕೊನೆಗೆ ಅಂಚೆಯಣ್ಣನ ಸೈಕಲ್ಲನ್ನೇ ನಂಬಿತ್ತು ಎಂಬುದು ಗಮನಿಸಬೇಕಾದ ಮಾತು.

ಸುಮಾರು 1 ಲಕ್ಷ 58 ಸಾವಿರ ಜನ ಹೆಸರು ಕೊಟ್ಟರು. ಸಂಖ್ಯೆ ಹಾಕಿ ಖಚಿತಪಡಿಸಿಕೊಂಡವರು ಸುಮಾರು 76 ಸಾವಿರ. ಅಕ್ಟೋಬರ್ ಮೊದಲ ಹತ್ತು ದಿನ ಮತದಾನ ನಡೆಯಿತು. ಮತ ಹಾಕಿದವರು 34,035 ಜನ. ಇದರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದಿಂದ 17,745, ಯೂರೋಪಿನಿಂದ 11,309, ಉತ್ತರ ಅಮೆರಿಕದಿಂದ 3,449, ಲ್ಯಾಟಿನ್ ಅಮೆರಿಕದಿಂದ 1,402. ಇಡೀ ಆಫ್ರಿಕಾ ಖಂಡದಿಂದ ಬಿದ್ದ ಮತಗಳು ಕೇವಲ 130.

ಭಾರತವೂ ಸೇರಿದ್ದ ನಮ್ಮ ಪ್ರದೇಶದಿಂದ ಆರಿಸಿ ಬಂದವರು ಜಪಾನಿನ ಮಸಾನೊಬು ಕಾಟೊ. ಅವರು ಫುಜಿಟ್ಸು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಆಫ್ರಿಕಾದಿಂದ ಘಾನಾ ದೇಶದ ನೀ ಕ್ವೇನೊರ್, ಲ್ಯಾಟಿನ್ ಅಮೆರಿಕದಿಂದ ಬ್ರೆಜಿಲಿನ ಇವಾನ್ ಮೌರಾ ಕಾಂಪೋಸ್, ಯೂರೋಪಿನಿಂದ ಜರ್ಮನಿಯ ಆ್ಯಂಡಿ ಮ್ಯೂಲರ್-ಮಾಗೂನ್, ಉತ್ತರ ಅಮೆರಿಕದಿಂದ ಕಾರ್ಲ್ ಔರ್‌ಬಾಕ್ ಗೆದ್ದರು. ಜಗತ್ತಿನ ಒಂದು ಸಂಸ್ಥೆಯ ಆಡಳಿತ ಮಂಡಳಿಗೆ, ದೇಶಗಳ ಗಡಿ ದಾಟಿ, ಬಳಕೆದಾರರು ನೇರವಾಗಿ ಮತ ಹಾಕಿದ ಅಪರೂಪದ ಸಂದರ್ಭ ಅದು.

ಲೆಕ್ಕದ ಪುಸ್ತಕ ಕೇಳಿದ ಸದಸ್ಯ

ಆರಿಸಿ ಬಂದ ಪ್ರತಿನಿಧಿ ಏನು ಮಾಡಬಲ್ಲ ಎಂಬುದಕ್ಕೆ ಕಾರ್ಲ್ ಔರ್‌ಬಾಕ್ ಒಂದು ಉದಾಹರಣೆ. ಅವರು ಮಂಡಳಿಯ ಸದಸ್ಯರಾಗಿ ಸಂಸ್ಥೆಯ ದಾಖಲೆಗಳನ್ನು ನೋಡಬೇಕೆಂದು ಕೇಳಿದರು. ಸಂಸ್ಥೆ ಷರತ್ತುಗಳನ್ನು ಹಾಕಿತು. ಆ ಷರತ್ತುಗಳನ್ನು ಅವರು ಒಪ್ಪಲಿಲ್ಲ, ಕೋರ್ಟಿಗೆ ಹೋದರು. 2002ರ ಜುಲೈನಲ್ಲಿ ಲಾಸ್ ಏಂಜಲೀಸ್ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮಂಡಳಿಯ ಸದಸ್ಯನಾದವನಿಗೆ ದಾಖಲೆ ನೋಡುವ ಹಕ್ಕು ಇದೆ ಎಂದಿತು. ಪಂಚಾಯತಿಯಲ್ಲಿ ಲೆಕ್ಕದ ಪುಸ್ತಕ ತೆರೆಯಿರಿ ಎಂದು ಪಟ್ಟು ಹಿಡಿಯುವ ಸದಸ್ಯರನ್ನು ಕಂಡ ನಮಗೆ ಇದು ಹೊಸ ಕಥೆಯಲ್ಲ.

ಆದರೆ ಅವರು ಗೆಲ್ಲುವ ಹೊತ್ತಿಗೆ ಅವರು ಕುಳಿತ ಕುರ್ಚಿಯನ್ನೇ ತೆಗೆಯುವ ತೀರ್ಮಾನವಾಗಿತ್ತು. ಅದೇ ವರ್ಷದ ಆರಂಭದಲ್ಲಿ ಐಕ್ಯಾನಿನ ಅಂದಿನ ಅಧ್ಯಕ್ಷ ಸ್ಟುವರ್ಟ್ ಲಿನ್ ಸಂಸ್ಥೆಯ ಸುಧಾರಣೆಗೆ ಪ್ರಸ್ತಾವನೆ ಮುಂದಿಟ್ಟರು. ಮಾರ್ಚಿನಲ್ಲಿ ಘಾನಾದ ಅಕ್ರಾದಲ್ಲಿ ಕೂಡಿದ ಮಂಡಳಿ ಮತ್ತೆ ನೇರ ಚುನಾವಣೆ ನಡೆಸುವುದು ಬೇಡವೆಂದು ನಿರ್ಧರಿಸಿತು. ವರ್ಷದ ಕೊನೆಗೆ ಹೊಸ ನಿಯಮಾವಳಿ ಬಂತು. ಬಳಕೆದಾರರಿಗಾಗಿ ಒಂದು ಸಲಹಾ ಸಮಿತಿ ರಚನೆಯಾಯಿತು. ಅದು ಸಲಹೆ ಕೊಡಬಹುದು, ಮಂಡಳಿಯಲ್ಲಿ ಮತ ಹಾಕುವಂತಿಲ್ಲ. ಸಲಹಾ ಸಮಿತಿಯ ಕಡೆಯವರಿಗೆ ಮಂಡಳಿಯಲ್ಲಿ ಮತವಿರುವ ಒಂದು ಸ್ಥಾನ ಸಿಕ್ಕಿದ್ದು 2010ರಲ್ಲಿ, ಫ್ರಾನ್ಸಿನ ಸೆಬಾಸ್ಟಿಯನ್ ಬಾಶೊಲೆ ಅವರ ಆಯ್ಕೆಯೊಂದಿಗೆ. ಒಂಬತ್ತು ಎಂದು ಹೇಳಿ, ಐದಕ್ಕೆ ಚುನಾವಣೆ ನಡೆಸಿ, ಕೊನೆಗೆ ಉಳಿದದ್ದು ಒಂದು.

ಚುನಾವಣೆಯನ್ನು ನಿಲ್ಲಿಸಿದವರಿಗೂ ಕಾರಣಗಳಿದ್ದವು. ಆಗಲೇ ಕೋಟಿಗಟ್ಟಲೆ ಜನ ಅಂತರಜಾಲ ಬಳಸುತ್ತಿರುವಾಗ 34 ಸಾವಿರ ಜನರ ಮತವನ್ನು ಜಗತ್ತಿನ ಮತ ಎನ್ನಬಹುದೇ? ಕೆಲವು ದೇಶಗಳಲ್ಲಿ ನಮ್ಮ ದೇಶದವರನ್ನೇ ಗೆಲ್ಲಿಸಬೇಕೆಂದು ಗುಂಪುಗುಂಪಾಗಿ ನೋಂದಣಿ ಮಾಡಿಸಿದ್ದರು. ಖರ್ಚೂ ಹೆಚ್ಚು. ಮತದಾರ ನಿಜವಾದ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟ. ಈ ಮಾತುಗಳಲ್ಲಿ ಸುಳ್ಳು ಇಲ್ಲ.

ಆದರೂ ನಮ್ಮ ರಾಜ್ಯದ ಅನುಭವ ನೆನಪಿಸಿಕೊಂಡರೆ ಬೇರೆ ಉತ್ತರ ಕಾಣುತ್ತದೆ. 1983ರ ಕಾಯ್ದೆಯಂತೆ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳು ಬಂದವು. ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಆ ಕೆಲಸದೊಂದಿಗೆ ಸೇರಿಕೊಂಡಿದೆ. 1987ರಲ್ಲಿ ಚುನಾವಣೆ ನಡೆದಾಗ ಶೇಕಡಾ 25ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಆಗಲೂ ಗೊಂದಲಗಳಿದ್ದವು. ಎಷ್ಟೋ ಕಡೆ ಹೆಂಡತಿಯ ಹೆಸರಿನಲ್ಲಿ ಗಂಡ ಕಾರಭಾರ ಮಾಡಿದ. ಜಾತಿ, ಓಣಿ, ಮನೆತನಗಳ ಲೆಕ್ಕ ನಡೆಯಿತು. ಹಾಗೆಂದು ಚುನಾವಣೆಯೇ ಬೇಡ ಎಂದು ಯಾರೂ ಶಾಶ್ವತವಾಗಿ ಬಾಗಿಲು ಹಾಕಲಿಲ್ಲ. ಸಂವಿಧಾನದ 73ನೆಯ ತಿದ್ದುಪಡಿ ಬಂತು, 1993ರಲ್ಲಿ ಪಂಚಾಯತ್ ರಾಜ್ ಕಾಯ್ದೆ ಬಂತು, ಗ್ರಾಮಸಭೆಗೆ ಕಾನೂನಿನ ಬಲ ಬಂತು. ಅಂದು ಗಂಡನ ಹಿಂದೆ ಕೂತ ಸದಸ್ಯೆಯರ ಮಗಳಂದಿರು ಇಂದು ಎದ್ದು ನಿಂತು ಮಾತಾಡುತ್ತಾರೆ. ಮೊದಲ ಪಾಠದಲ್ಲಿ ತಪ್ಪಿದ ಹುಡುಗನನ್ನು ಗುರುಗಳು ಶಾಲೆ ಬಿಡಿಸುವುದಿಲ್ಲ. ಇನ್ನೊಮ್ಮೆ ಬರೆಸುತ್ತಾರೆ. ಐಕ್ಯಾನ್ ಇನ್ನೊಮ್ಮೆ ಬರೆಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ನಮ್ಮ ತಪ್ಪನ್ನೂ ಒಪ್ಪಬೇಕು. ಮತಗಳು ಕಡಿಮೆ ಬಿದ್ದವು ಎಂಬುದೇ ಮತದಾನವನ್ನು ತೆಗೆದುಹಾಕಲು ಆಧಾರವಾಯಿತು. ಬಳಸದ ಹಕ್ಕು ಬೀಳುಬಿಟ್ಟ ಹೊಲದಂತೆ. ನಾಲ್ಕು ವರ್ಷ ಬಿತ್ತದಿದ್ದರೆ ಬದುವು ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ.

ಉಳಿದ ಬಾಗಿಲುಗಳು

ಮತದಾನ ಹೋದರೂ ಸಭೆಯ ಬಾಗಿಲು ಪೂರ್ತಿ ಮುಚ್ಚಲಿಲ್ಲ. 2007ರಲ್ಲಿ ನಮ್ಮ ಏಷ್ಯಾ ಪ್ರದೇಶದ ಬಳಕೆದಾರರ ಸಂಘಟನೆ ರೂಪುಗೊಂಡಿತು. ಊರೂರಿನ ಸಂಘಗಳು ಅದರ ಸದಸ್ಯರಾಗಬಹುದು. ಯಾವ ಸಂಘಕ್ಕೂ ಸೇರದ ಒಬ್ಬೊಂಟಿ ವ್ಯಕ್ತಿಗೂ ಅಲ್ಲಿ ಸದಸ್ಯತ್ವವಿದೆ. ಕೇರಳದ ಸತೀಶ್ ಬಾಬು ಅವರು ಆ ಸಂಘಟನೆಯ ಅಧ್ಯಕ್ಷರಾಗಿ ಕೆಲಸ ಮಾಡಿದ್ದಾರೆ. ಐಕ್ಯಾನಿನ ಸಭೆಗಳು ವರ್ಷಕ್ಕೆ ಮೂರು ಸಲ ಬೇರೆ ಬೇರೆ ದೇಶಗಳಲ್ಲಿ ಕೂಡುತ್ತವೆ. 2008ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ, 2016ರ ನವೆಂಬರಿನಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲಿ ಕೂಡಿದ್ದವು. ಪ್ರವೇಶ ಶುಲ್ಕವಿಲ್ಲ. ಮನೆಯಲ್ಲೇ ಕುಳಿತು ದೂರದಿಂದ ಕೇಳಬಹುದು, ಮಾತಾಡಲೂಬಹುದು. ಯಾವುದೇ ಹೊಸ ನಿಯಮ ಬರುವ ಮೊದಲು ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಎಂಬ ಸಂಸ್ಥೆ ಈ ಬಾಗಿಲುಗಳನ್ನು ಚೆನ್ನಾಗಿ ಬಳಸಿಕೊಂಡಿತು. ಐಕ್ಯಾನಿನ ಹಣ ಎಲ್ಲಿಂದ ಬರುತ್ತದೆ, ತೀರ್ಮಾನಗಳು ಹೇಗೆ ಆಗುತ್ತವೆ ಎಂದು ಮಾಹಿತಿ ಕೋರಿ ಅರ್ಜಿಗಳ ಮೇಲೆ ಅರ್ಜಿ ಹಾಕಿತು.

ದೇಶದ ಮಟ್ಟದಲ್ಲಿಯೂ ಈ ಚರ್ಚೆ ನಡೆದಿತ್ತು. 2011ರಲ್ಲಿ ಭಾರತ ಸರಕಾರ ವಿಶ್ವಸಂಸ್ಥೆಯಲ್ಲಿ, ಅಂತರಜಾಲದ ನೀತಿಗಳಿಗೆ ಸರಕಾರಗಳ ಒಂದು ಸಮಿತಿ ಇರಲಿ ಎಂದು ಸೂಚಿಸಿತ್ತು. ಒಂದು ದೇಶದ ಕೈಯಲ್ಲಿ ಬೇರುಪಟ್ಟಿ ಇರುವುದು ಸರಿಯಲ್ಲ ಎಂಬುದು ಅದರ ಹಿಂದಿನ ವಾದ. ಸರಕಾರಗಳಷ್ಟೇ ಕೂತರೆ ಜನರ ದನಿ ಎಲ್ಲಿ ಎಂಬ ಟೀಕೆಯೂ ಬಂತು. 2015ರಲ್ಲಿ ಭಾರತ ತನ್ನ ನಿಲುವನ್ನು ಬದಲಿಸಿ, ಸರಕಾರ, ಉದ್ಯಮ, ತಜ್ಞರು, ನಾಗರಿಕರು ಎಲ್ಲರೂ ಕೂಡಿ ನಡೆಸುವ ಪದ್ಧತಿಯನ್ನು ಬೆಂಬಲಿಸಿತು. 2016ರ ಅಕ್ಟೋಬರ್ 1ರಂದು ಬೇರುಪಟ್ಟಿಯ ಮೇಲಿನ ಅಮೆರಿಕ ಸರಕಾರದ ಒಪ್ಪಂದ ಕೊನೆಗೊಂಡಿತು. ಮುಂದಿನ ತಿಂಗಳೇ ಹೈದರಾಬಾದಿನ ಸಭೆ ನಡೆಯಿತು.

ಕನ್ನಡ ಬೇರಿಗೆ ಸೇರಿದ ಕಥೆ

ಈಗ ನಮ್ಮ ಊರ ಹೆಸರಿಗೆ ಮರಳೋಣ. ಬೇರಿನಲ್ಲಿ ಇಂಗ್ಲಿಷ್ ಅಲ್ಲದ ಲಿಪಿಗಳಲ್ಲಿ ದೇಶಗಳ ಹೆಸರು ಬರೆಯಲು 2009ರ ಕೊನೆಯಲ್ಲಿ ಅರ್ಜಿ ಕರೆಯಲಾಯಿತು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯ ಮತ್ತು ಅರಬ್ ಸಂಯುಕ್ತ ಸಂಸ್ಥಾನಗಳು ಅರಬ್ಬಿ ಲಿಪಿಯಲ್ಲಿ ಮೊದಲು ಸೇರಿದವು. ಭಾರತಕ್ಕೆ 2011ರಲ್ಲಿ ಏಳು ರೂಪಗಳಲ್ಲಿ ಒಪ್ಪಿಗೆ ಸಿಕ್ಕಿತು. ಅವು ದೇವನಾಗರಿ, ಉರ್ದು, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು ಮತ್ತು ತೆಲುಗು. ಆ ಏಳರಲ್ಲಿ ಕನ್ನಡ ಇರಲಿಲ್ಲ. 2014ರ ಆಗಸ್ಟಿನಲ್ಲಿ ದೇವನಾಗರಿಯ ‘ಭಾರತ’ ಬಳಕೆಗೆ ಬಂದಾಗಲೂ ಕನ್ನಡದ ಸರದಿ ಬಂದಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಎಂಟು ರೂಪಗಳು ಸೇರಿದವು, ಅದರಲ್ಲಿ ನಮ್ಮ ಲಿಪಿಯ ‘.ಭಾರತ’ವೂ ಒಂದು. ಈಗ ನಮ್ಮ ದೇಶದ ಹೆಸರು ಬೇರಿನಲ್ಲಿ 15 ರೂಪಗಳಲ್ಲಿ ಇದೆ. ಇವುಗಳನ್ನು ಮತ್ತು ‘ಡಾಟ್ ಇನ್’ ಅನ್ನು ನೋಡಿಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಎಂಬ ಸಂಸ್ಥೆ. ಗೊಟಗೋಡಿಯನ್ನು ಗೊಟಗೋಡಿ ಎಂದೇ ಬರೆದು, ಮುಂದೆ ಚುಕ್ಕೆ ಇಟ್ಟು, ಭಾರತ ಎಂದು ಬರೆಯುವುದಕ್ಕೆ ಈಗ ತಾಂತ್ರಿಕವಾಗಿ ಅಡ್ಡಿಯಿಲ್ಲ.

ಲಿಪಿ ಸೇರಿಸುವುದು ಎಂದರೆ ಬರೀ ಒಂದು ಗುಂಡಿ ಒತ್ತುವ ಕೆಲಸವಲ್ಲ. ದೇಶದ ಹೆಸರಿನ ಹೊರತಾಗಿ ಬೇರೆ ಹೆಸರುಗಳನ್ನೂ ಕನ್ನಡದಲ್ಲಿ ಬೇರಿಗೆ ಸೇರಿಸಬೇಕಾದರೆ ಯಾವ ಅಕ್ಷರ ಇರಬಹುದು, ಯಾವುದರ ಮುಂದೆ ಯಾವುದು ಬರಬಹುದು ಎಂಬ ವ್ಯಾಕರಣ ಬೇಕು. ಈ ಕೆಲಸಕ್ಕೆ ಐಕ್ಯಾನ್ ಆಯಾ ಭಾಷೆಯ ಜನರನ್ನೇ ಕರೆಯಿತು. ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳಿಗೆ ‘ನವಬ್ರಾಹ್ಮಿ’ ಎಂಬ ತಂಡ ರಚನೆಯಾಯಿತು. ಅಜಯ್ ಡಾಟಾ, ಮಹೇಶ್ ಕುಲಕರ್ಣಿ, ಉದಯ ನಾರಾಯಣ ಸಿಂಗ್ ಅವರು ಅದರ ಮುಂದಾಳುಗಳು. ಕನ್ನಡದ ಪರವಾಗಿ ಕೆಲಸ ಮಾಡಿದವರಲ್ಲಿ ಡಾ. ಯು.ಬಿ. ಪವನಜ ಒಬ್ಬರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಅವರು 1996ರಲ್ಲಿಯೇ ‘ವಿಶ್ವಕನ್ನಡ’ ಎಂಬ ಕನ್ನಡ ಜಾಲತಾಣವನ್ನು ಆರಂಭಿಸಿದವರು. ಯಾವ ಸರಕಾರದ ಆದೇಶವೂ ಇಲ್ಲದ ಕಾಲದಲ್ಲಿ ಒಬ್ಬ ವ್ಯಕ್ತಿ ಮಾಡಿದ ಕೆಲಸ, ಇಪ್ಪತ್ತು ವರ್ಷಗಳ ನಂತರ ಭಾಷೆಯ ಪರವಾಗಿ ಕೂಡುವ ಅರ್ಹತೆ ತಂದುಕೊಟ್ಟಿತು.

ಆ ತಂಡದ ಮುಂದಿದ್ದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೂ ಅರ್ಥವಾಗುವಂತೆ ಹೇಳಬಹುದು. ಕನ್ನಡದ ಗ, ಜ, ಬ, ಲ ಅಕ್ಷರಗಳು ತೆಲುಗಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಬ್ಯಾಂಕಿನ ಹೆಸರನ್ನು ಒಬ್ಬರು ಕನ್ನಡ ಅಕ್ಷರಗಳಲ್ಲಿ ಪಡೆದರೆ, ಮೋಸಗಾರನೊಬ್ಬ ಅದೇ ರೀತಿ ಕಾಣುವ ತೆಲುಗು ಅಕ್ಷರಗಳಲ್ಲಿ ಪಡೆದು ಜನರನ್ನು ಏಮಾರಿಸಬಹುದು. ಆದ್ದರಿಂದ ಬೇರಿನಲ್ಲಿ ಒಂದನ್ನು ಒಬ್ಬರಿಗೆ ಕೊಟ್ಟರೆ ಹಾಗೆಯೇ ಕಾಣುವ ಇನ್ನೊಂದನ್ನು ಬೇರೆಯವರಿಗೆ ಕೊಡಕೂಡದು ಎಂಬ ನಿಯಮ ಬಂತು. ಪಿಂಚಣಿ, ಬೆಳೆ ಪರಿಹಾರ ಎಲ್ಲವೂ ಮೊಬೈಲಿನಲ್ಲಿ ಬರುವ ಈ ದಿನಗಳಲ್ಲಿ ಇದು ನಮ್ಮ ಮನೆಯ ದುಡ್ಡಿನ ಪ್ರಶ್ನೆಯೂ ಹೌದು.

ಇನ್ನೊಂದು ಪ್ರಶ್ನೆ ಕಣ್ಣಿಗೆ ಕಾಣದ ಚಿಹ್ನೆಗಳದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಅಗೋಚರ ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂದು ಬರೆಯಲೂ ಅಂಥದೇ ಇನ್ನೊಂದು ಚಿಹ್ನೆ ಬೇಕು. ಬೇರುಪಟ್ಟಿಯ ಹೆಸರುಗಳಲ್ಲಿ ಈ ಎರಡಕ್ಕೂ ಅವಕಾಶವಿಲ್ಲ. ಕಾಣದ ಚಿಹ್ನೆಯಿಂದ ಎರಡು ಹೆಸರುಗಳ ನಡುವೆ ಗೊಂದಲ ಆಗಬಾರದು ಎಂಬುದು ಅದರ ಕಾರಣ. ಸುರಕ್ಷತೆಗಾಗಿ ನಾವು ತೆತ್ತ ಸಣ್ಣ ಬೆಲೆ ಇದು. ಅಂಕಿಗಳಿಗೂ ಅಲ್ಲಿ ಜಾಗವಿಲ್ಲ. ಹೀಗೆ ಒಂದೊಂದು ಅಕ್ಷರವನ್ನೂ ತೂಗಿ ಸಿದ್ಧವಾದ ಕರಡನ್ನು 2018ರಲ್ಲಿ ಸಾರ್ವಜನಿಕರ ಮುಂದೆ ಇಡಲಾಯಿತು. 2019ರ ಜುಲೈನಲ್ಲಿ ಕನ್ನಡದ ನಿಯಮಗಳು ಬೇರಿನ ನಿಯಮಾವಳಿಯಲ್ಲಿ ಸೇರಿದವು. ತುಳು, ಕೊಡವ, ಬ್ಯಾರಿ, ಕೊಂಕಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದರ ಪ್ರಯೋಜನವಿದೆ.

ನಮ್ಮ ಪಾಲಿನ ಕೆಲಸ

ಇತಿಹಾಸ ಹೇಳಿ ನಿಲ್ಲಿಸಿದರೆ ಶಾಲೆಯ ಸಂಚಿಕೆಗೆ ಅರ್ಧ ಲೇಖನವಾದಂತೆ. ಆದ್ದರಿಂದ ಎರಡು ಮಾತು ನಮ್ಮ ಕೆಲಸದ ಬಗ್ಗೆ.

ಮೊದಲನೆಯದು, ಡೊಮೇನ್ ಹೆಸರನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಹಣ ಕಟ್ಟಲು ಮರೆತರೆ ಹೆಸರು ಬೇರೆಯವರ ಪಾಲಾಗುತ್ತದೆ. ಎಷ್ಟೋ ಸಂಘ ಸಂಸ್ಥೆಗಳು ಸಂಭ್ರಮದ ವರ್ಷದಲ್ಲಿ ಉತ್ಸಾಹದಿಂದ ಜಾಲತಾಣ ಮಾಡಿ, ಮುಂದಿನ ವರ್ಷ ಮರೆಯುತ್ತವೆ. ಹೆಸರನ್ನು ಮಾಡಿಕೊಟ್ಟ ಹುಡುಗನ ಸ್ವಂತ ಹೆಸರಿನಲ್ಲಿ ನೋಂದಣಿಯಾಗಿ, ಅವನು ನೌಕರಿಗೆ ಹೋದ ಮೇಲೆ ಯಾರ ಕೈಗೂ ಸಿಗದೆ ಹೋಗುವುದೂ ಉಂಟು. ನಮ್ಮ ಶಾಲೆಗೆ ಅಥವಾ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಹೆಸರು ಪಡೆಯುವುದಾದರೆ ಸಂಸ್ಥೆಯ ಹೆಸರಿನಲ್ಲಿಯೇ ಪಡೆಯಬೇಕು, ಠರಾವು ಪುಸ್ತಕದಲ್ಲಿ ಬರೆದಿಡಬೇಕು, ನವೀಕರಣದ ತಾರೀಖು ಇಬ್ಬರಿಗಾದರೂ ಗೊತ್ತಿರಬೇಕು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರ ಮಾತೇ ನಡೆಯುತ್ತದೆ. ಹೊಲದ ಉತಾರದ ಹಾಗೆಯೇ.

ಎರಡನೆಯದು, ಕನ್ನಡದ ವಿಳಾಸ ಬೇರಿನಲ್ಲಿ ಸೇರಿದ್ದರೂ ಬಳಕೆಯಲ್ಲಿ ಇನ್ನೂ ಸೊರಗಿದೆ. ಕನ್ನಡದ ಇಮೇಲ್ ವಿಳಾಸವನ್ನು ತುಂಬಿದರೆ ‘ತಪ್ಪು ವಿಳಾಸ’ ಎಂದು ತಿರಸ್ಕರಿಸುವ ಅರ್ಜಿ ನಮೂನೆಗಳು ಇನ್ನೂ ಇವೆ. ಎಲ್ಲ ಲಿಪಿಗಳ ಹೆಸರುಗಳೂ ಎಲ್ಲ ಕಡೆ ನಡೆಯಬೇಕೆಂದು 2023ರಿಂದ ಮಾರ್ಚ್ 28ರ ಸುಮಾರಿಗೆ ಜಗತ್ತಿನ ಹಲವು ಕಡೆ ದಿನಾಚರಣೆ ನಡೆಯುತ್ತಿದೆ. ನಮ್ಮೂರಿನಲ್ಲಿಯೇ ಜಾನಪದ ವಿಶ್ವವಿದ್ಯಾಲಯ ಇದೆ. ಹಳ್ಳಿಯ ಹಾಡು, ಒಗಟು, ಕಸುಬುಗಳ ಮಾತು ಕೂಡಿಡುವ ಕೆಲಸ ಅಲ್ಲಿ ನಡೆಯುತ್ತದೆ. ಆ ಮಾತುಗಳಿಗೆ ಅಂತರಜಾಲದಲ್ಲಿ ತಮ್ಮದೇ ಲಿಪಿಯ ವಿಳಾಸ ಇರುವುದು ಎಷ್ಟು ಸಹಜ! ಕೇಳುವವರಿದ್ದರೆ ಕೊಡುವವರಿದ್ದಾರೆ. ಕೇಳದಿದ್ದರೆ, ಕನ್ನಡದ ಹೆಸರುಗಳನ್ನು ಬಳಸುವವರೇ ಇಲ್ಲ ಎಂದು ನಾಳೆ ಯಾರಾದರೂ ಲೆಕ್ಕ ತೋರಿಸಬಹುದು. 2000ದ ಚುನಾವಣೆಗೆ ಆದದ್ದು ಅದೇ.

ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಭಾಷೆ ಓದಬಹುದು, ಕಾನೂನು ಓದಬಹುದು, ಕಂಪ್ಯೂಟರು ಓದಬಹುದು. ಐಕ್ಯಾನಿನ ಸಭೆಗಳಿಗೆ ತರುಣರನ್ನು ಖರ್ಚು ಕೊಟ್ಟು ಕರೆಸಿಕೊಳ್ಳುವ ಯೋಜನೆಗಳಿವೆ. ಕರಡು ನಿಯಮಗಳಿಗೆ ಅಭಿಪ್ರಾಯ ಬರೆಯಲು ಪದವಿಯೂ ಬೇಡ, ಶಿಫಾರಸೂ ಬೇಡ. ಅಲ್ಲಿಗೆ ಹೋಗಲು ಇಂಗ್ಲಿಷ್ ಬೇಕಾಗುತ್ತದೆ ನಿಜ. ಆದರೆ ಕನ್ನಡದ ಒತ್ತಕ್ಷರ ಹೇಗೆ ಕೂಡುತ್ತದೆ ಎಂದು ಹೇಳಲು ಕನ್ನಡ ಚೆನ್ನಾಗಿ ಬಲ್ಲವರೇ ಬೇಕು. ಅದನ್ನು ಕಲಿಸಿದ್ದು ನಮ್ಮ ಶಾಲೆಯಂಥ ಸರಕಾರಿ ಶಾಲೆಗಳ ಕರಿಹಲಗೆ.

ನಾವು ಓದುವಾಗ ಗುರುಗಳು ದಿನಾ ಬೆಳಿಗ್ಗೆ ಹಾಜರಿ ಕೂಗುತ್ತಿದ್ದರು. ಕ್ಲಾಸಿನಲ್ಲಿ ಕುಳಿತಿದ್ದರೂ ‘ಹಾಜರ್ ಸರ್’ ಎನ್ನದಿದ್ದರೆ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಿತ್ತು. ಆಮೇಲೆ ಹೋಗಿ ‘ನಾನು ಇದ್ದೆ ಸರ್’ ಎಂದರೆ, ‘ಇದ್ದರೆ ಆಗ ಯಾಕೆ ಹೇಳಲಿಲ್ಲ’ ಎಂಬ ಉತ್ತರ ಬರುತ್ತಿತ್ತು. ಅಂತರಜಾಲದ ಹೆಸರುಗಳ ಸಭೆಯಲ್ಲಿಯೂ ಇದೇ ನಿಯಮ. ನಮ್ಮ ಶಾಲೆಯ ಮುಂದಿನ ಐವತ್ತು ವರ್ಷಗಳಲ್ಲಿ, ಆ ಸಭೆಯಲ್ಲಿ ಹಾಜರಿ ಕೂಗಿದಾಗ ಎದ್ದು ನಿಲ್ಲುವವರು ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಇರಲಿ ಎಂದು ಹಾರೈಸುತ್ತೇನೆ.